ಎಡಗಡೆ ಮೋಟರು

ತಮಿಳು ಸೀಮೆಯ ಕಂಬೈನಲ್ಲೂರಿನಲ್ಲಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಾಯಿಲ್ ಕಟ್ಟುವ ಸಣ್ಣಕ್ಕನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಆಕೆಯ ಅಂಗೈ ವಿಷಯವೇ ಬರುತ್ತದೆ. ಓಡುತ್ತಿರುವ ಮೋಟರಿನ ಮೈಮೇಲೆ ಅಂಗೈ ಇಟ್ಟು ಮನಸ್ಸಿನಲ್ಲೇ ಎಣಿಸುತ್ತಾಳೆ. ಹತ್ತರವರೆಗೆ ತಡೆದುಕೊಳ್ಳುವಂತಿದ್ದರೆ ಮೋಟರು ಕ್ಷೇಮ. ಐದಕ್ಕೇ ಕೈ ಎಳೆದುಕೊಂಡರೆ ಒಳಗೆ ಏನೋ ಕೆಟ್ಟಿದೆ. ಗಂಡ ಕೃಷ್ಣಪ್ಪ ಕುರಿ ಮಾರಿ ಕಲಿತ ಕಸುಬು ಅವನು ತೀರಿಕೊಂಡ ಮೇಲೆ ಇವಳಿಗೆ ಬಂತು, ಅವನಿಗಿಂತ ಚೆನ್ನಾಗಿಯೇ ಕೈಗೆ ಕೂತಿತು. ಅವಳು ಕಟ್ಟಿದ ಕಾಯಿಲ್ ಒಂದೂ ಸುಟ್ಟು ವಾಪಸು ಬಂದದ್ದಿರಲಿಲ್ಲ. ಆ ಜಂಬ ಅವಳಿಗಿತ್ತು. ಇರಲಿ ಬಿಡಿ, ಇರಬೇಕಾದದ್ದೇ.

ಆ ಜಂಬಕ್ಕೆ ಕುತ್ತು ಬಂದದ್ದು ಹುಲ್ಲು ಕತ್ತರಿಸುವ ಒಂದು ಬ್ಯಾಟರಿ ಟ್ರ್ಯಾಕ್ಟರಿನಿಂದ. ಅದಿಯಮಾನ್‌ಕೋಟೆ ದಾಟಿದ ಮೇಲೆ ಬಯಲಿನಲ್ಲಿ ಎದ್ದಿರುವ ಕಾಲೇಜೊಂದರ ಗಾಡಿ ಅದು. ಮೇಲೆ ಕೂತು ಓಡಿಸಬೇಕು. ಹೊಟ್ಟೆಯಡಿ ಎರಡು ಬ್ಲೇಡು, ಒಂದೊಂದಕ್ಕೆ ಒಂದೊಂದು ಮೋಟರು. ಎಡಗಡೆಯದು ಸುಟ್ಟಿತು, ಸಣ್ಣಕ್ಕ ಕಟ್ಟಿಕೊಟ್ಟಳು. ತಿಂಗಳಿಗೇ ಮತ್ತೆ ಸುಟ್ಟಿತು, ಮತ್ತೆ ಕಟ್ಟಿದಳು. ಎರಡು ಸಲವೂ ಶಾಫ್ಟಿಗೆ ಕಪ್ಪು ಎಳೆಗಳು ಅಂಟಿಕೊಂಡಿದ್ದವು. ಹಾಸ್ಟೆಲ್ ಹುಡುಗಿಯರ ಕೂದಲಿರಬೇಕು ಎಂದುಕೊಂಡು ಕಿತ್ತು ಒಲೆಗೆ ಹಾಕಿದ್ದಳು. ಮೂರನೇ ಸಲ ಬಿಸಿಯೇರಿದಾಗ ಮ್ಯಾನೇಜರ್ ಸರವಣನ್ ಫೋನು ಮಾಡಿ, ತಪ್ಪು ನಿಮ್ಮ ಕೈಯದೇ ಆಗಿದ್ದರೆ ಇನ್ನು ಕೆಲಸ ಕೊಡಲಾಗುವುದಿಲ್ಲ, ಸುತ್ತಲ ಮಿಲ್ಲಿನವರಿಗೂ ಹೇಳಬೇಕಾಗುತ್ತದೆ ಎಂದ. ತಮಿಳಿನಲ್ಲಿ ಮರ್ಯಾದೆಯಿಂದಲೇ ಹೇಳಿದ, ಅದಕ್ಕೇ ಹೆಚ್ಚು ಚುಚ್ಚಿತು. ಮರುದಿನದ ಬಸ್ಸಿಗೆ ಸಣ್ಣಕ್ಕ ತಾನೇ ಹೊರಟಳು.

ಗಾಡಿ ಓಡಿಸುವ ಹರಿಹರನ್ ಮೆಟ್ಟೂರು ಕಡೆಯ ಕನ್ನಡದವನು, ನಲವತ್ತು ದಾಟಿದವನು. ಸಣ್ಣಕ್ಕನ ಕನ್ನಡ ಕಿವಿಗೆ ಬಿದ್ದದ್ದೇ ಅವನ ಮುಖ ಸ್ವಲ್ಪ ಸಡಿಲವಾಯಿತು.

"ಎಲ್ಲಾ ಕಡೆ ಚೆನ್ನಾಗೇ ಓಡ್ತೈತಕ್ಕಾ. ಆ ಮೂಡಲ ಮೂಲೆಗೆ ಬಂದ್ರೆ ಮಾತ್ರ ಮೋಟರು ಸೂಡು ಏರಿ ಸುಡ್ತೈತೆ," ಎಂದ. ಸುತ್ತ ನೋಡಿ ದನಿ ತಗ್ಗಿಸಿದ. "ಅಲ್ಲಿ ಕೆಳಗಿಂದ ಯಾರೋ ಇಡ್ಕಂಡಂಗೆ ಆಯ್ತದೆ."

ಸಣ್ಣಕ್ಕ ಅದಕ್ಕೆ ಕಿವಿಗೊಡಲಿಲ್ಲ. ಬ್ಯಾಟರಿ ನೋಡಿದಳು, ವೈರಿನ ಜಾಯಿಂಟು ನೋಡಿದಳು, ಕಾರ್ಬನ್ ಬ್ರಷ್, ಬೇರಿಂಗು, ಗಾಳಿಯಾಡುವ ತೂತು, ಬ್ಲೇಡಿನ ಹರಿತ. ಎಲ್ಲ ಸರಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿಯವಳಲ್ಲ ಅವಳು. ಎಡದ ಮೋಟರು ಬಿಚ್ಚಿ ಬಲಕ್ಕೆ ಹಾಕಿದಳು. ತಾನು ಇದುವರೆಗೂ ಮುಟ್ಟಿರದ, ಕಂಪನಿಯಿಂದ ಬಂದಂತೆಯೇ ಇದ್ದ ಬಲದ ಮೋಟರನ್ನು ಎಡಕ್ಕೆ ಹಾಕಿದಳು. ನಡು ಮಧ್ಯಾಹ್ನ ಮೈದಾನವಿಡೀ ಓಡಿಸಿದರೂ ಎರಡೂ ತಣ್ಣಗಿದ್ದವು. ಮೂಡಲ ಮೂಲೆಗೆ ಬರುತ್ತಲೇ ಗಾಡಿ ಗೊರಗೊರ ಎಂದು ನಿಂತಿತು. ಎಡಗಡೆ ಅಂಗೈ ಇಟ್ಟಳು. ಮೂರರವರೆಗೂ ಎಣಿಸಲಾಗಲಿಲ್ಲ.

ಹಾಗಾದರೆ ತಪ್ಪು ತನ್ನ ಕಾಯಿಲಿನದಲ್ಲ. ಸಣ್ಣಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಹರಿಹರನ್ ಮುಂದೆಯೇ ನಕ್ಕುಬಿಟ್ಟಳು. ಆಮೇಲೆ ವಾಸನೆ ಬಂತು. ಸುಟ್ಟ ವಾರ್ನಿಷ್ ವಾಸನೆ ಅವಳಿಗೆ ದಿನದ್ದು, ಇದು ಅದಲ್ಲ. ಕುರಿ ಸಾಕಿದ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇದು ಉಣ್ಣೆ ಕಮರಿದ ವಾಸನೆ.

ಬೀಗದಕೈ ತೆಗೆದು, ಬ್ಯಾಟರಿಯ ವೈರು ಕಳಚಿ, ಗಾಡಿಯ ಒಂದು ಮಗ್ಗುಲನ್ನು ಜಾಕಿಯಲ್ಲಿ ಎತ್ತಿ ಬಗ್ಗಿ ನೋಡಿದಳು. ಶಾಫ್ಟಿಗೆ ಕಪ್ಪು ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು, ಕದಿರಿಗೆ ಸುತ್ತಿದ ಹಾಗೆ. ಕೂದಲಲ್ಲ, ಕೈಯಲ್ಲಿ ನೂತ ಕಂಬಳಿ ನೂಲು. ಅದರ ಇನ್ನೊಂದು ತುದಿ ಹುಲ್ಲಿನೊಳಗೆ ನುಗ್ಗಿ ನೇರ ಮಣ್ಣಿಗೆ ಇಳಿದಿತ್ತು. ಸಣ್ಣಕ್ಕ ಎಳೆದಳು. ಗೇಣುದ್ದ ಬಂದು ನಿಂತಿತು. ಆಮೇಲೆ ಆ ಕಡೆಯಿಂದ, ಮೆಲ್ಲಗೆ, ಒಂದೇ ಸಲ, ಯಾರೋ ಜಗ್ಗಿದರು.

ತಲೆಯೆತ್ತಿ ನೋಡಿದಳು. ಕಾಂಪೌಂಡಿನಾಚೆ ಜೋಡಿ ಬಂಡೆಯ ಗುಡ್ಡ. ಮದುವೆಯಾದ ಹೊಸತರಲ್ಲಿ ಎರಡೇ ಸಲ ಕಂಡ ಗುಡ್ಡ. ಇದು ಗಂಡನ ಮನೆಯವರ ಕುರಿದೊಡ್ಡಿಯಿದ್ದ ಜಾಗ. ಮಾರಿಹೋಗಿ, ಜೆಸಿಬಿ ಆಡಿ, ಹುಲ್ಲು ಹಾಸಿ, ಗುರುತೇ ಇರಲಿಲ್ಲ. ಹೆಸರಿಡುವ ಮೊದಲೇ ಹೋದ ಕೂಸುಗಳನ್ನು ಕಂಬಳಿ ತುಂಡಿನಲ್ಲಿ ಸುತ್ತಿ ದೊಡ್ಡಿಯಲ್ಲೇ ಹೂಳುವುದು ಅವರ ಪದ್ಧತಿ. ಕುರಿಮಂದೆ ಅದರ ಮೇಲೆ ಮಲಗಿ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ, ನರಿ ಕೆದಕುವುದಿಲ್ಲ. ಹೂಳುವಾಗ ಹೆಂಗಸರು ಹೋಗುವಂತಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಹುಟ್ಟಿದ ನಾಲ್ಕನೇ ದಿನ, ಅವಳ ಒಂದೇ ಮಗಳನ್ನು ಕೃಷ್ಣಪ್ಪ ಹಾಗೆ ಎತ್ತಿಕೊಂಡು ಹೋಗಿದ್ದ. ಸುತ್ತಿದ್ದು ಬಸುರಿಯಾಗಿದ್ದಾಗ ಅವಳೇ ನೂತ ಉಣ್ಣೆಯ ಕಂಬಳಿಯಲ್ಲಿ. ಎಲ್ಲಿ ಎಂದು ಕೇಳಿದರೆ, ಕುರಿ ಮಲಗುವ ಬೆಚ್ಚನೆ ಜಾಗ ಎಂದಷ್ಟೇ ಹೇಳಿದ್ದ.

ಮಣ್ಣಿಗಿಟ್ಟ ಉಣ್ಣೆ ಒಂದು ಮಳೆಗಾಲ ಕಳೆಯುವುದರೊಳಗೆ ಗೆದ್ದಲಿನ ಪಾಲಾಗಬೇಕು. ಇದು ನಿನ್ನೆ ನೂತ ಹಾಗಿತ್ತು. ಎರಡು ಸಲ ಇದನ್ನೇ ಒಲೆಗೆ ಹಾಕಿ ಅದೇ ಬೆಂಕಿಯಲ್ಲಿ ಮುದ್ದೆ ಬೇಯಿಸಿ ಉಂಡಿದ್ದಳು.

ಅಷ್ಟರಲ್ಲಿ ಸರವಣನ್ ಬಂದ. ಏನು ಸಿಕ್ಕಿತೆಂದು ದೂರದಿಂದಲೇ ಕೇಳಿದ. ನೆಲದಲ್ಲಿ ಏನೋ ಇದೆ ಅಂದರೆ ಸಾಕು, ನಾಳೆ ಬೆಳಗ್ಗೆ ಜೆಸಿಬಿ ತರಿಸಿ ಅಗೆಸುವವನು. ಸಣ್ಣಕ್ಕ ಎದ್ದು, ನೂಲಿಗೆ ಅಡ್ಡವಾಗಿ ನಿಂತು, ತಮಿಳಿನಲ್ಲಿ ಹೇಳಿದಳು:

"ನನ್ನ ಕಾಯಿಲೇ ಸರಿಯಿಲ್ಲ ಸಾರ್. ತಪ್ಪು ನಂದೇ."

ಸರವಣನ್ ಬೈಯಲಿಲ್ಲ. ಹಾಗಾದರೆ ಇನ್ನು ಬೇರೆಯವರನ್ನು ನೋಡಿಕೊಳ್ಳುತ್ತೇವೆ, ಮಿಲ್ಲಿನವರಿಗೂ ಹೇಳುತ್ತೇನೆ ಎಂದ. ಸರಿ ಎಂದಳು ಸಣ್ಣಕ್ಕ. ಅವನು ಹೊರಟುಹೋದ.

"ಮೋಟರು ಬದಲಾಯಿಸಿದ್ದು ನಾನೇ ನೋಡಿವ್ನಿ. ಇಲ್ದಿರೋ ತಪ್ಪು ಯಾಕಕ್ಕಾ ಒಪ್ಕಂಡೆ?" ಎಂದ ಹರಿಹರನ್.

ಅವಳು ಎಲ್ಲ ಹೇಳಿದಳು. ತಾನಿರುವವರೆಗೆ ಗಾಡಿ ಈ ಮೂಲೆಗೆ ಬರುವುದಿಲ್ಲ, ಹುಲ್ಲು ಬೆಳೆದರೆ ಕುಡುಗೋಲಿನಲ್ಲಿ ಕೊಯ್ಯುತ್ತೇನೆ ಎಂದು ಹರಿಹರನ್ ಹೇಳಿದ. ನೂಲು ಕತ್ತರಿಸಲು ಕಟಿಂಗ್ ಪ್ಲೇಯರ್ ಚಾಚಿದ. ಸಣ್ಣಕ್ಕ ತೆಗೆದುಕೊಳ್ಳಲಿಲ್ಲ. ಶಾಫ್ಟಿನಿಂದ ಒಂದೊಂದೇ ಸುತ್ತು ಬಿಡಿಸಿದಳು, ಎಳೆ ತುಂಡಾಗದ ಹಾಗೆ, ಸಂಜೆ ಬಸ್ಸಿನ ಹೊತ್ತಿನವರೆಗೆ. ಕಣ್ಣೀರು ಹರಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಕೊನೆಯ ಸುತ್ತು ಬಿಟ್ಟದ್ದೇ ನೂಲು ಅಂಗೈ ಮೇಲಿಂದ ತಾನಾಗಿ ಸರಿಯತೊಡಗಿತು. ನಿಧಾನವಾಗಿ, ಹುಲ್ಲಿನ ಬುಡಕ್ಕೆ, ಮಣ್ಣಿನೊಳಕ್ಕೆ. ತುದಿ ಬೆರಳು ದಾಟುವಾಗ ಹಿಡಿಯಬಹುದಿತ್ತು. ಅವಳು ಹಿಡಿಯಲಿಲ್ಲ.