ಡಿಸ್ಕಮ್ಮನ ನಿಧಾನದ ಪಟ್ಟಿ

ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಬಿಟ್ಟು ಬೇರೇನನ್ನೋ ಇಟ್ಟುಕೊಂಡು ಓಡಾಡುವ ಹೆಂಗಸು ಊರಿಗೆ ಒಬ್ಬಳೇ. ಮೂವತ್ತು ವರ್ಷ ಕನ್ನಡಕದಂಗಡಿಯ ಕೌಂಟರಿನಲ್ಲಿ ನಿಂತು ನಿವೃತ್ತಳಾದ ಈಕೆಯ ಡಬ್ಬಿಯಲ್ಲಿರುವುದು ಒಂದು ಹಾರ್ಡ್ ಡಿಸ್ಕ್, ಅದರೊಳಗೆ ನಾಲ್ಕು ಸಾವಿರ ಹಾಡು. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಡಿಸ್ಕಮ್ಮ. ಭಾನುವಾರ ಸಂಜೆ ನಾಲ್ಕಕ್ಕೆ ಬಡಾವಣೆಯ ಸಭಾಂಗಣದಲ್ಲಿ ಅರವತ್ತು ದಾಟಿದವರೆಲ್ಲ ಸೇರಿ ಕುಣಿಯುತ್ತಾರೆ. ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಹಾಡು ಹಾಕುವುದು ಡಿಸ್ಕಮ್ಮ. ಹತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದ್ದಿಲ್ಲ. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಹಾಜರು.

ಆದರೆ ಹೋದ ವಾರ ಸಂಘದ ಅಧ್ಯಕ್ಷೆ ಮೇಜಿನ ಹತ್ತಿರ ಬಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

“ಬೇಜಾರು ಮಾಡ್ಕೋಬೇಡಿ. ಕುಣಿಯೋಕೆ ಬರೋರು ಕಮ್ಮಿ ಆಗ್ತಿದ್ದಾರೆ, ಬಂದೋರು ಆಕಳಿಸ್ತಾರೆ. ಇನ್ನೊಂದು ಭಾನುವಾರ ನೋಡೋಣ. ಹೀಗೇ ಆದ್ರೆ ಇಂಟರ್‌ನೆಟ್ಟಿಂದಾನೇ ಹಾಡು ಹಾಕ್ಕೋತೀವಿ.”

“ಆಗಲಿ ಬಿಡಿ,” ಎಂದು ಡಿಸ್ಕಮ್ಮ ನಕ್ಕಳು. ಮನೆಗೆ ಬಂದವಳಿಗೆ ಅದೇ ಯೋಚನೆ. ಆ ಮೇಜು ಕೈತಪ್ಪಿದರೆ ಉಳಿದ ಆರು ದಿನ ಯಾವ ಖುಷಿಗೆ ಕಾಯಬೇಕು?

ಇಂಥ ಹೊತ್ತಿನಲ್ಲೇ ಅಕ್ಕ, ಭಾವ ನಾಲ್ಕು ದಿನ ಇರಲೆಂದು ಬಂದರು. ಭಾವ ಲೈಬ್ರರಿಯಲ್ಲಿ ಮೂವತ್ತೈದು ವರ್ಷ ದುಡಿದವರು. ಯಾರ ಮನೆಗೆ ಹೋದರೂ ಅಡುಗೆಮನೆಯ ಡಬ್ಬಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಶನಿವಾರ ಅಕ್ಕ ತಂಗಿ ಮಾರುಕಟ್ಟೆಗೆ ಹೊರಟದ್ದೇ ತಡ, ಅವರು ಡಿಸ್ಕಿಗೆ ಕೈ ಹಾಕಿದರು. ಒಳಗೆ ‘ಹೊಸದು’, ‘ಹೊಸದು ೨’, ‘ನಿಜವಾಗ್ಲೂ ಹೊಸದು’ ಎಂಬ ಫೋಲ್ಡರುಗಳು! ಪಾಪ, ಆ ಜೀವಕ್ಕೆ ತಡೆಯಲಾಗಲಿಲ್ಲ. ನಾದಿನಿಗೆ ಒಂದು ಉಪಕಾರವಾಗಲಿ ಎಂದು ಕೂತಲ್ಲೇ ಕೂತು ಅಷ್ಟೂ ಹಾಡುಗಳನ್ನು ಗಾಯಕರ ಹೆಸರಿನ ಪ್ರಕಾರ ಹೊಸ ಫೋಲ್ಡರುಗಳಿಗೆ ಸಾಗಿಸಿದರು.

ಭಾನುವಾರ ಮಧ್ಯಾಹ್ನ ಡಿಸ್ಕಮ್ಮ ಲ್ಯಾಪ್‌ಟಾಪಿನಲ್ಲಿ ಹಾಡು ಹಾಕುವ ಸಾಫ್ಟ್‌ವೇರ್ ತೆರೆದಳು. ಪ್ರತಿ ಹಾಡಿನ ಮುಂದೂ ಕೆಂಪು ಗುರುತು: ಫೈಲ್ ಸಿಗುತ್ತಿಲ್ಲ.

ಹಾಡು ಇರುವುದು ಡಿಸ್ಕಿನಲ್ಲಿ. ಯಾವುದನ್ನು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಯಾರಿಗೆ ಯಾವುದು ಇಷ್ಟ ಎಂದು ಹತ್ತು ವರ್ಷ ಕೂತು ಬರೆದದ್ದೆಲ್ಲ ಇರುವುದು ಲ್ಯಾಪ್‌ಟಾಪಿನ ಪಟ್ಟಿಯಲ್ಲಿ. ಆ ಪಟ್ಟಿಗೆ ಗೊತ್ತಿರುವುದು ಹಾಡಿನ ವಿಳಾಸ ಮಾತ್ರ. ಹಾಡು ಮನೆ ಬದಲಾಯಿಸಿದರೆ ಅದು ಹಳೇ ಬಾಗಿಲು ಬಡಿದು ಬರಿಗೈಲಿ ವಾಪಸಾಗುತ್ತದೆ. ಹಾಡುಗಳನ್ನೆಲ್ಲ ಹೊಸದಾಗಿ ಸೇರಿಸಿಕೊಂಡರೆ ಹಾಡೇನೋ ಬರುತ್ತದೆ, ಬರೆದದ್ದು ಬರುವುದಿಲ್ಲ.

“ಭಾವಾ! ನನ್ನ ಡಿಸ್ಕ್ ಮುಟ್ಟಿದ್ರಾ?”

“ಒಪ್ಪವಾಗಿ ಜೋಡಿಸಿಟ್ಟೆ ಕಣಮ್ಮ. ಥ್ಯಾಂಕ್ಸ್ ಎಲ್ಲ ಬೇಡ.”

“ಥ್ಯಾಂಕ್ಸಾ! ಅಯ್ಯೋ, ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!”

ಅಕ್ಕ ಒಳಗಿನಿಂದಲೇ ಕೂಗಿದಳು: “ನಲವತ್ತು ವರ್ಷದಿಂದ ನನ್ನ ಸೀರೆ ನನಗೆ ಸಿಕ್ತಿಲ್ಲ, ನಿಂದು ನಿನ್ನೆಯಿಂದ ತಾನೆ?”

ಡಿಸ್ಕಮ್ಮನಿಗೆ ಅಳುವೂ ಬಂತು, ನಗುವೂ ಬಂತು. “ಹಾಡಿನ ಹೆಸರು ಬದಲಾಯಿಸಿದ್ದೀರಾ? ನಿಜ ಹೇಳಿ.”

“ಛೆ ಛೆ! ಪುಸ್ತಕದ ಕಪಾಟು ಬದಲಾಯಿಸ್ಬಹುದು, ಹೆಸರು ಬದಲಾಯಿಸೋಕೆ ನಾನ್ಯಾರು?”

ಹೋದ ಜೀವ ಬಂದಂತಾಯಿತು. ಕಳೆದ ಫೈಲುಗಳನ್ನು ಹೆಸರು ಹಿಡಿದು ಹುಡುಕುವ ಗುಂಡಿ ಸಾಫ್ಟ್‌ವೇರಿನಲ್ಲೇ ಇದೆ. ಅದನ್ನೊತ್ತಿ ಮೂವರೂ ಪರದೆಗೆ ಕಣ್ಣು ನೆಟ್ಟು ಕೂತರು. ಕೆಂಪು ಗುರುತುಗಳು ಹತ್ತು ಹತ್ತಾಗಿ ಮಾಯವಾಗುತ್ತ ಬಂದು, ಮೂರೂವರೆಗೆ ಒಂದೂ ಉಳಿಯಲಿಲ್ಲ. ಭಾವನ ಬೆನ್ನಿಗೊಂದು ಗುದ್ದು ಕೊಟ್ಟು, ಅವರನ್ನೂ ಎಳೆದುಕೊಂಡು ಡಿಸ್ಕಮ್ಮ ಸಭಾಂಗಣಕ್ಕೆ ಓಡಿದಳು.

ಬಂದಿದ್ದವರು ಇಪ್ಪತ್ತು ಜನ. ಅಧ್ಯಕ್ಷೆ ಕೈಕಟ್ಟಿ ಬಾಗಿಲಲ್ಲೇ ನಿಂತಿದ್ದರು. ಡಿಸ್ಕಮ್ಮ ಎಂದಿನಂತೆ ‘ನಿಧಾನ’ ಎಂಬ ಪಟ್ಟಿ ತೆರೆದಳು. ಮೂರು ವರ್ಷದ ಹಿಂದೆ ರೈಲು ತಾತನ ಮಂಡಿಗೆ ಆಪರೇಷನ್ ಆಗಿತ್ತು. ರೈಲು ಓಡಿಸಿ ನಿವೃತ್ತನಾದ ಆ ತಾತ ಇಲ್ಲಿಯ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವನು. ಅವನಿಗೆ ನೋವಾಗದಿರಲೆಂದು ಆಕೆ ಮೂವತ್ತೆರಡು ಹಾಡುಗಳ ವೇಗ ತಗ್ಗಿಸಿ, ಅದೇ ಹೆಸರಿನಲ್ಲಿ ಇನ್ನೊಂದು ಪ್ರತಿ ಮಾಡಿ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದಳು. ಅಂದಿನಿಂದ ಸಂಜೆಯೆಲ್ಲ ಅವೇ ಹಾಡುಗಳು.

ಮೊದಲ ಹಾಡು ಒತ್ತಿದಳು. ಅದು ನಿಧಾನವಾಗಿ ಬರಲಿಲ್ಲ. ಪೂರ್ತಿ ವೇಗದಲ್ಲಿ ಧಡಧಡನೆ ನುಗ್ಗಿತು.

“ಭಾವ, ಇದರದ್ದೇ ಇನ್ನೊಂದು ಪ್ರತಿ ಇತ್ತಲ್ಲ?”

“ಹೂಂ, ಒಂದೇ ಹೆಸರಲ್ಲಿ ಎರಡೆರಡು. ಹಳೇದನ್ನ ಇಟ್ಟು ಆಮೇಲಿನದ್ದನ್ನ ಅಳಿಸಿದೆ.”

ಅಯ್ಯೋ, ತಾತನ ಮಂಡಿ! ವೇಗ ಇಳಿಸುವ ಗುಂಡಿಗೆ ಬೆರಳಿಟ್ಟು ತಲೆಯೆತ್ತಿದಳು. ತಾತ ಆಗಲೇ ಸಭಾಂಗಣದ ನಡುವೆ ಗಿರಗಿರನೆ ತಿರುಗುತ್ತಿದ್ದ. ಗೋಡೆಗೆ ಒರಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಸೇರಿಕೊಂಡರು. ಡಿಸ್ಕಮ್ಮ ಬೆರಳು ತೆಗೆದಳು.

ಹಾಡು ಮುಗಿದಾಗ ತಾತ ಏದುಸಿರು ಬಿಡುತ್ತ ಮೇಜಿಗೆ ಬಂದ. “ಅಂತೂ ಹುಷಾರಾದ್ರಲ್ಲಮ್ಮ!”

“ನಾನಾ? ನನಗೇನಾಗಿತ್ತು? ನಿಮ್ಮ ಮಂಡಿ...”

“ಮಂಡಿ ಆರೇ ತಿಂಗಳಲ್ಲಿ ಸರಿಹೋಯ್ತು. ನೀವೇ ಹಾಡು ಎಳೀತಾ ಇದ್ರಿ. ಪಾಪ, ವಯಸ್ಸಾಯ್ತು, ಕೈ ಓಡ್ತಿಲ್ಲ, ಮನಸ್ಸಿಗೆ ನೋವಾಗ್ಬಾರ್ದು ಅಂತ ನಾವೂ ಎಳೆದೆಳೆದು ಕುಣಿದ್ವಿ. ಮೂರು ವರ್ಷ!”

ಡಿಸ್ಕಮ್ಮನಿಗೆ ನಾಚಿಕೆಯಾಯಿತು, ಮರುಕ್ಷಣವೇ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಅಧ್ಯಕ್ಷೆ ಬಂದರು. ಅವರ ಜಡೆ ಅರ್ಧ ಬಿಚ್ಚಿಹೋಗಿತ್ತು.

“ಇನ್ನೊಂದು ಹಾಕ್ರೀ, ಏನು ನೋಡ್ತಾ ಕೂತಿದ್ದೀರಿ?”

“ಇಂಟರ್‌ನೆಟ್ಟು?”

“ಇಂಟರ್‌ನೆಟ್ ಹಾಳಾಗ್ಲಿ! ಮುಂದಿನ ವಾರ ನೀವು ಬರ್ದೇ ಇದ್ರೆ ಮನೆಗೇ ಬಂದು ಎಳ್ಕೊಂಡು ಬರ್ತೀನಿ.”

ಡಿಸ್ಕಮ್ಮ ಮುಂದಿನ ಹಾಡು ಒತ್ತಿದಳು. ಹತ್ತು ವರ್ಷದಲ್ಲಿ ಹಾಡು ನಡೆಯುವಾಗ ಒಮ್ಮೆಯೂ ಬಿಟ್ಟೇಳದ ಕುರ್ಚಿಯಿಂದ ಎದ್ದು, ಭಾವನನ್ನು ಅಲ್ಲಿ ಕೂರಿಸಿದಳು.

“ಇನ್ನು ಎಲ್ಲ ತಾನಾಗೇ ಬರುತ್ತೆ. ಎರಡೂ ಕೈ ಜೇಬಲ್ಲಿಟ್ಕೊಂಡು ಕೂತಿರಿ,” ಎಂದು ಹೇಳಿ, ಚಪ್ಪಲಿ ಬಿಚ್ಚಿಟ್ಟು ಕುಣಿಯಲು ಹೋದಳು.