ಬಿಳಿ ಪಂಚೆಯ ಮೇಲೆ ನಡೆದ ಮಹಜರು

ಕಳೆದ ವಾರ ಬೀರು ಖಾಲಿ ಮಾಡುತ್ತಿದ್ದ ಸೊಸೆ, ನೆಲ ಒರೆಸಲು ಆಗುತ್ತದೆಂದು ಒಂದು ಹಳೇ ಪಂಚೆ ಎತ್ತಿಟ್ಟಳು. ಅಂಚಿನಲ್ಲಿ ನಾಲ್ಕು ಬೆರಳಿನ ಗುರುತು, ಒಣಗಿ ಕಂದಿದ ಕೆಂಪು. ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆಯನ್ನು ಹಿಂದೆ ತಳ್ಳಿ ಸ್ಟೇರಿಂಗ್ ಆಯಿಲ್ಲಿನ ವಾಸನೆ ಮುಂದೆ ಬಂತು. ಪಂಚೆಯನ್ನು ಕಸಿದುಕೊಂಡೆ. ಸಾಕ್ಷ್ಯದಿಂದ ಯಾರೂ ನೆಲ ಒರೆಸುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕೆ.ಆರ್. ಪೇಟೆಯಲ್ಲಿ ವಕೀಲ. ಮೈಸೂರಿನ ಡಾಕ್ಟರೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಪವರ್ ಸ್ಟೇರಿಂಗ್ ಇತ್ತು. ಒಂದೇ ಬೆರಳಲ್ಲಿ ತಿರುಗುವ ಕಾರು ತಾಲ್ಲೂಕಿನಲ್ಲಿ ಇನ್ನೊಂದಿಲ್ಲವೆಂದು ನಂಬಿದ್ದೆ, ಬೇರೆಯವರನ್ನೂ ನಂಬಿಸಿದ್ದೆ. ಆರು ತಿಂಗಳಲ್ಲಿ ಅದು ನಿಂತಲ್ಲೆಲ್ಲ ಕೆಂಪಗೆ ತೊಟ್ಟಿಕ್ಕತೊಡಗಿತು. ಶ್ರೀರಂಗಪಟ್ಟಣದ ದೊಡ್ಡ ಗ್ಯಾರೇಜಿನ ಯಜಮಾನ ಮೊದಲ ಸಲ ಪೈಪು ಬದಲಿಸಿದ. ಎರಡನೇ ಸಲ ಸ್ಟೇರಿಂಗ್ ರ‍್ಯಾಕನ್ನೇ ಇಳಿಸಿ ಆಯಿಲ್ ತಡೆಯುವ ಹೊಸ ರಬ್ಬರು ಸೀಲು ಹಾಕಿದ. ಮೂರನೇ ಸಲ ಹೋದಾಗ, ಎದುರಿನ ಟೀ ಅಂಗಡಿಯಲ್ಲಿ ನನ್ನ ಇಬ್ಬರು ಕಕ್ಷಿದಾರರು ಕೂತಿದ್ದನ್ನು ನೋಡಿಕೊಂಡೇ ದನಿ ಏರಿಸಿದ: "ಕಾರು ಸರಿಯಾಗೇ ಅದೆ ಲಾಯ್ರೇ. ನಿಮ್ದು ಎತ್ತಿನ ಗಾಡಿ ಕೈ. ದಿನಾ ಒಂದು ಬಾಟ್ಲಿ ಆಯಿಲ್ ಉಯ್ಕೊಂಡು ಓಡಿಸ್ಕಳಿ." ಕಕ್ಷಿದಾರರು ನಕ್ಕರು. ಅದುವರೆಗೆ ಸೇಡನ್ನು ಪರರ ಪರವಾಗಿ ಮಾತ್ರ ನಡೆಸಿದ್ದ ನನಗೆ ಅಂದು ಸ್ವಂತದ್ದೊಂದು ಹುಟ್ಟಿತು.

ಅದಕ್ಕೆ ತಕ್ಕ ಮನುಷ್ಯ ಪಾಂಡವಪುರದ ರಸ್ತೆಬದಿಯ ಶೆಡ್ಡಿನಲ್ಲಿದ್ದ. ನಾನು ಮೇಸ್ತ್ರಿ ಎನ್ನುತ್ತಿದ್ದೆ. ಅದೇ ಯಜಮಾನನ ಕೈಕೆಳಗೆ ಹತ್ತು ವರ್ಷ ದುಡಿದವನು. ಆ ಗ್ಯಾರೇಜಿನಲ್ಲಿ ರಿಪೇರಿಯಾದ ಕಾರೊಂದು ಆಯಿಲ್ಲೆಲ್ಲ ಸೋರಿ, ಸ್ಟೇರಿಂಗ್ ಬಿಗಿದು, ಅರಕೆರೆ ಹತ್ತಿರದ ತಿರುವಿನಲ್ಲಿ ನಾಲೆಗೆ ಇಳಿದಿತ್ತು. ಯಾರೂ ಸಾಯಲಿಲ್ಲ, ಮೇಸ್ತ್ರಿಯ ಹೆಸರು ಸತ್ತಿತು. ಅವನ ಕೈ ಸರಿಯಿಲ್ಲವೆಂದು ಯಜಮಾನ ಊರೂರಿಗೆ ಹೇಳಿದ. ಆಮೇಲೆ ಕ್ಯಾತನಹಳ್ಳಿಯ ಕಬ್ಬಿನ ಟ್ರಾಕ್ಟರುಗಳು ಕೂಡ ಅವನಲ್ಲಿ ಪಂಕ್ಚರಿಗೆ ನಿಂತವೇ ಹೊರತು ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಆರು ವರ್ಷ...

"ನನ್ ಕೈ ಕೆಟ್ಟದ್ದು ಅಂತಾವ್ರೆ. ಯೋಚ್ನೆ ಮಾಡಿ ಬಂದಿದ್ದೀರಾ?" ಎಂದ ಮೇಸ್ತ್ರಿ, ನಾನು ಕಾರು ಒಯ್ದ ದಿನ.

"ನಂದು ಎತ್ತಿನ ಗಾಡಿ ಕೈಯಂತೆ" ಎಂದೆ. ವಕಾಲತ್ತಿಗೆ ಅಷ್ಟು ಸಾಕಾಯಿತು.

ಕಾರಿನ ತಳವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಪೈಪುಗಳ ಮೇಲೆಲ್ಲ ವಿಭೂತಿ ಉದುರಿಸಿದ. ಎಂಜಿನ್ ಚಾಲೂ ಮಾಡಿಸಿ, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಲು ನನಗೆ ಹೇಳಿ, ತಾನು ಕೆಳಗೆ ಮಲಗಿ ನೋಡಿದ. ವಿಭೂತಿ ಬೆಳ್ಳಗೇ ಇತ್ತು. ಪೈಪುಗಳು ನಿರಪರಾಧಿಗಳೆಂದು ಖುಲಾಸೆಯಾದವು. ಆಮೇಲೆ ರ‍್ಯಾಕಿನ, ಅಂದರೆ ಮುಂದಿನ ಚಕ್ರಗಳನ್ನು ಅತ್ತಿತ್ತ ಎಳೆಯುವ ಹಲ್ಲುಕಂಬಿಯ, ತುದಿಗಿರುವ ರಬ್ಬರು ಚೀಲವನ್ನು ಅಮುಕಿದ. ಗುಳುಕ್ ಎಂದಿತು. ಕ್ಲಿಪ್ಪು ಸಡಿಲಿಸಿದರೆ ಲೋಟದಷ್ಟು ಕೆಂಪು ಆಯಿಲ್ ಅವನ ಮೊಣಕೈವರೆಗೆ ಹರಿಯಿತು. "ಒಳಗಿನ ಸೀಲು" ಎಂದ.

ಮರುದಿನ ರ‍್ಯಾಕು ಬಿಚ್ಚಿ, ಸೀಲು ತೆಗೆದು ಬಿಸಿಲಿಗೆ ಹಿಡಿದ. ಹೊಸ ರಬ್ಬರು, ಅದರ ತೆಳು ತುಟಿಯಲ್ಲಿ ಓರೆಯಾಗಿ ಒಂದು ಗೀರು. ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕಂಬಿಯ ಹಲ್ಲುಗಳು ಗರಗಸದಂಥವು. ಅವಕ್ಕೆ ನುಣುಪಾದ್ದೇನಾದರೂ ಸುತ್ತದೆ ಸೀಲು ತೂರಿಸಿದರೆ ಕೊಯ್ದುಹೋಗುತ್ತದೆ.

"ಅವ್ನು ಯಾವತ್ತೂ ಸುತ್ತಕಿಲ್ಲ ಲಾಯ್ರೇ. ಟೈಮಿಲ್ಲ ಅಂತಾನೆ. ನಾಲೆ ಕಾರಿಗೆ ಸೀಲು ತೂರ್ಸಿದ್ದೂ ಅವ್ನೇಯ. ನಾನು ನಟ್ಟು ಬಿಗಿದೆ, ಅಷ್ಟೇ."

ಮೈಸೂರಿನಿಂದ ಹೊಸ ಸೀಲು ತಂದುಕೊಟ್ಟೆ. ಅವನು ಹಾಲಿನ ಪ್ಯಾಕೆಟ್ಟೊಂದನ್ನು ತೊಳೆದು, ಕತ್ತರಿಸಿ, ಆಯಿಲ್ ಸವರಿ ಹಲ್ಲುಗಳಿಗೆ ಸುತ್ತಿದ... ಬಾಣಂತಿಯೂ ಮಗುವಿಗೆ ಅಷ್ಟು ನಿಧಾನವಾಗಿ ಬಟ್ಟೆ ಸುತ್ತಲಾರಳು. ಸೀಲು ಜಾರಿ ಕೂತಿತು. ಆಯಿಲ್ಲಿನ ಗಾಳಿಗುಳ್ಳೆ ಹೋಗುವವರೆಗೂ ಸ್ಟೇರಿಂಗ್ ತಿರುಗಿಸಿದ್ದು ಸದರಿ ಎತ್ತಿನ ಗಾಡಿ ಕೈ.

ಕಾರು ಸರಿಹೋಯಿತು, ಮೇಸ್ತ್ರಿಯ ಮುಖ ಸರಿಹೋಗಲಿಲ್ಲ. "ಸೋರೋದು ಎಲ್ರಿಗೂ ಕಾಣ್ತದೆ. ಸೋರ್ದೆ ಇರೋದು ಯಾರಿಗೆ ಕಾಣ್ತದೆ, ಬುಡಿ."

"ಕಾಣಿಸೋಣ" ಎಂದೆ.

ಸಂತೆಯ ದಿನ ಬೆಳಿಗ್ಗೆ ಮೇಸ್ತ್ರಿಯನ್ನೂ ಕೂರಿಸಿಕೊಂಡು ಹೋಗಿ, ಯಜಮಾನನ ಗ್ಯಾರೇಜಿನ ಎದುರು, ಸರ್ಕಾರಿ ರಸ್ತೆಯ ಮೇಲೆ, ಕಾರು ನಿಲ್ಲಿಸಿ ಅದರಡಿ ನನ್ನ ಮದುವೆಯ ಪಂಚೆ ಹಾಸಿದೆ. ಮಹಜರಿಗೆ ಸಾಕ್ಷಿಯಾಗಲು ಟೀ ಅಂಗಡಿಯಿಂದ ಪಂಚರನ್ನು ಕರೆದೆ. ಅಂದು ನಕ್ಕ ಕಕ್ಷಿದಾರರಿಬ್ಬರೂ ಅವರಲ್ಲಿದ್ದರು. ಅರ್ಧ ಗಂಟೆ ಎಂಜಿನ್ ಓಡಿಸಿ ಸ್ಟೇರಿಂಗ್ ತಿರುಗಿಸಿದೆ. ಪಂಚೆ ಎಳೆದು ಬಿಸಿಲಿಗೆ ಹರಡಿ, ಕಾಗದದ ಮೇಲೆ ಬರೆದು ಗಟ್ಟಿಯಾಗಿ ಓದಿದೆ: ಸದರಿ ಪಂಚೆಯನ್ನು ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಒಂದು ತೊಟ್ಟೂ ಕಂಡುಬಂದಿರುವುದಿಲ್ಲ.

ಯಜಮಾನ ಹೊರಬಂದ. ಬಗ್ಗಿ ರಬ್ಬರು ಚೀಲ ಅಮುಕಿ ನೋಡಿದ. ಸದ್ದಿಲ್ಲ. ಎದ್ದು, ಆ ಮಹಾನುಭಾವ, ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. "ನಮ್ ಹುಡ್ಗ ಕಣ್ರಪ್ಪ. ನಾನೇ ಕಲ್ಸಿದ್ದು."

ಪಂಚರು ತಲೆದೂಗಿದರು. ಆರು ವರ್ಷದ ಸೇಡು ಒಂದೇ ಮಾತಿಗೆ ಯಜಮಾನನ ಪಾಲಾಗುತ್ತಿತ್ತು.

ಮೇಸ್ತ್ರಿ ಜೇಬಿನಿಂದ ಪೊಟ್ಟಣ ತೆಗೆದು, ಇನ್ನೂ ಆಯಿಲ್ ಮೆತ್ತಿಕೊಂಡಿದ್ದ ಆ ಕೊಯ್ದ ಸೀಲನ್ನು ಯಜಮಾನನ ಅಂಗೈಯಲ್ಲಿಟ್ಟು, ಗೀರನ್ನು ಉಗುರಿನಿಂದ ಬಿಡಿಸಿ ತೋರಿಸಿದ. "ಲಾಯ್ರ ಕಾರಿಗೆ ನೀನು ಹಾಕಿದ್ದು. ನಾಲೆ ಕಾರಿಗೂ ಇಂಗೇ ಹಾಕ್ದೆ. ಇದ್ನೂ ನನಗೆ ನೀನೇ ಕಲ್ಸಿದ್ದಾ, ಹೇಳಣ್ಣ."

ಯಾರೂ ನಗಲಿಲ್ಲ. ಯಜಮಾನ ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದ. ಬೂಕನಕೆರೆಯವನೊಬ್ಬ ಮೆಲ್ಲಗೆ ಕೇಳಿದ: "ನಮ್ ಟ್ರಾಕ್ಟ್ರು ಸ್ಟೇರಿಂಗು ಎಡಕ್ಕೇ ಎಳೀತದೆ. ನಾಳೆ ತರ್ಲಾ?"

ಮೇಸ್ತ್ರಿ ಬಗ್ಗಿ, ನನ್ನ ಮದುವೆ ಪಂಚೆಯ ಅಂಚಿಗೆ ನಿಧಾನವಾಗಿ ಕೈ ಒರೆಸಿಕೊಂಡ. "ತಗೊಂಬಾ" ಎಂದ.

ಯಜಮಾನ ಸತ್ತಾಗ ಅವನ ತಿಥಿಗೆ ತಪ್ಪದೆ ಹೋಗಿ, ಎರಡು ಸಲ ಬಡಿಸಿಕೊಂಡು ಉಂಡೆ. ಕ್ಷಮಿಸಬೇಕು ಎನ್ನುತ್ತಾರೆ ದೊಡ್ಡವರು. ಅವರ ಕಾರು ಸೋರಿರಲಿಕ್ಕಿಲ್ಲ. ಮೇಸ್ತ್ರಿ ನಾಗಮಂಗಲದ ಮಗಳ ಮನೆಯಲ್ಲಿ ತೀರಿಕೊಂಡದ್ದು ಮಾತ್ರ ನನಗೆ ತಿಳಿದದ್ದು ಎಲ್ಲ ಮುಗಿದು ತಿಂಗಳಾದ ಮೇಲೆ. ಹೋಗಲೇಬೇಕಿದ್ದ ತಿಥಿ ಅದೊಂದೇ...

ಈಗಿನ ನನ್ನ ಕಾರಿನ ಸ್ಟೇರಿಂಗು ಕರೆಂಟಿನದು. ಸೋರುವುದಕ್ಕೆ ಅದರಲ್ಲಿ ಏನೂ ಇಲ್ಲ. ಸೊಸೆ ಅತ್ತ ಹೋದಮೇಲೆ ಆ ನಾಲ್ಕು ಗುರುತಿನ ಮೇಲೆ ನನ್ನ ಬೆರಳಿಟ್ಟು ನೋಡಿದೆ. ಅವನ ಕೈ ನನ್ನದಕ್ಕಿಂತ ಅಗಲವಿತ್ತು. ಪಂಚೆಯನ್ನು ಮೊದಲಿದ್ದ ಹಾಗೇ ಮಡಿಸಿ, ಇದ್ದಲ್ಲೇ ಇಟ್ಟೆ.