ಐಸಕ್ಕನ ನಲವತ್ತು ನಿಮಿಷ

ಆಸ್ಪತ್ರೆಯ ಹಿಂಬದಿಯ ಸಂಶೋಧನಾ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಐಸಕ್ಕ ಎಂದೇ ಕರೆಯುತ್ತಿದ್ದರು. ರಕ್ತದ ಟ್ಯೂಬು ಕೈಗೆ ಬಂದ ಕೂಡಲೇ ಕಿಣ್ವ ತಡೆಯುವ ಔಷಧದ ಎರಡು ಹನಿ ಬಿಟ್ಟು, ಐಸಿನ ಡಬ್ಬಿಗೆ ಇಳಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಳು. ತಡಮಾಡಿ ಟ್ಯೂಬು ತಂದವರು ದೊಡ್ಡ ಡಾಕ್ಟರೇ ಆಗಿರಲಿ, ಮಂಗಳಾರತಿ ತಪ್ಪುತ್ತಿರಲಿಲ್ಲ.

ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. "ಸೋಂಕು ಬಂತು ಅಂತ ಜೀವಕೋಶಗಳು ಪ್ರೋಟೀನಿನ ಮೂಲಕ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಕೆಲವನ್ನ ಕೋಶದ ಒಳಗಿರೋ ಕಿಣ್ವ ಸರಿಯಾದ ಜಾಗದಲ್ಲಿ ಕತ್ತರಿಸಿದ್ರೇನೇ ಸುದ್ದಿಗೆ ಜೀವ. ಹೊರಗೆ ಬೇರೆ ಕಿಣ್ವಗಳು ಕಾದಿರ್ತವೆ. ಅವು ಕತ್ತರಿಸಿದ್ರೆ ಸುದ್ದಿ ಜೋರಾಗಬಹುದು, ಇಲ್ಲ ಬಾಯಿ ಮುಚ್ಚಬಹುದು. ಟ್ಯೂಬಿಗೆ ಬಂದ್ವಿ ಅಂತ ಅವು ಸುಮ್ಮನಿರಲ್ಲ ಕಣ್ರಪ್ಪ, ನಾವೇ ತಡೀಬೇಕು."

ಲ್ಯಾಬಿನಲ್ಲಿ ಇಷ್ಟು ಮಾತಾಡುವವಳಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಮೂರನೇ ಮಹಡಿಯ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಗೋಡೆಗೂ ಕಿವಿಯಿದೆ ಎನ್ನುತ್ತಾರಲ್ಲ, ಆ ಗೋಡೆಗಳಿಗೆ ಕೇಳಿಸಿಕೊಳ್ಳಲು ಏನೂ ಸಿಗುತ್ತಿರಲಿಲ್ಲ. ತನ್ನವಳೆಂದು ಇದ್ದವಳು ಒಬ್ಬಳೇ ತಂಗಿ. ಒಂಬತ್ತು ವರ್ಷದ ಹಿಂದೆ ತಂಗಿಯ ಗಂಡ ತೀರಿಕೊಂಡ ದಿನ, ಅವಳ ಫೋನಿಗೆ ಟ್ಯೂಬಿದೆ ಎಂದಷ್ಟೇ ಹೇಳಿ ಇಟ್ಟ ಐಸಕ್ಕ ಸಂಜೆಗೆ ಹೋದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಬಾಗಿಲು ತೆರೆಯಲಿಲ್ಲ. ತಪ್ಪು ತನ್ನದೇ ಎಂದು ಐಸಕ್ಕನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಒಂಟಿತನವೇನೂ ಕಡಿಮೆಯಾಗಲಿಲ್ಲ.

ಈಚೆಗೆ ಲ್ಯಾಬಿನ ಮೇಡಂ ಬಹಳ ಖುಷಿಯಲ್ಲಿದ್ದರು. ಹನ್ನೆರಡು ರೋಗಿಗಳ ರಕ್ತದಲ್ಲಿ ಸೋಂಕಿನ ಸುದ್ದಿ ಒಯ್ಯುವ ಒಂದು ಪ್ರೋಟೀನು ಚೂರುಚೂರಾಗಿ ಸಿಕ್ಕಿತ್ತು. "ಇವರ ಮೈಯಲ್ಲಿ ಹೊರಗಿನ ಕಿಣ್ವ ವಿಪರೀತ ಚುರುಕು. ದೊಡ್ಡ ವಿಷಯ ಕಣ್ರೀ ಇದು. ಸೋಮವಾರ ಪ್ರಬಂಧ ಕಳಿಸ್ತೀನಿ, ನಿಮ್ಮ ಹೆಸರೂ ಇರುತ್ತೆ," ಎಂದರು.

ಐಸಕ್ಕ ತಾರೀಖು ನೋಡಿದಳು. ಹನ್ನೆರಡೂ ಒಂದೇ ದಿನದವು. ಆ ದಿನ ಫೋನು ಬಂತೆಂದು ಟ್ಯೂಬುಗಳನ್ನು ಮೇಜಿನ ಮೇಲೆ ಬಿಟ್ಟು ಮೆಟ್ಟಿಲ ಬಳಿಗೆ ಹೋದವಳು ನಲವತ್ತು ನಿಮಿಷ ಬಿಟ್ಟು ಬಂದಿದ್ದಳು. ಆಮೇಲೆ ಹನಿ ಹಾಕಿ, ಐಸಿಗಿಟ್ಟು, ದಾಖಲೆ ಪುಸ್ತಕದಲ್ಲಿ ‘ಕೂಡಲೇ’ ಎಂದು ಬರೆದಿದ್ದಳು. ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ತಾನಾಗಿ ಬರೆದಿತ್ತು. ಕಿಣ್ವ ಕತ್ತರಿಸಿದ್ದು ರೋಗಿಗಳ ಮೈಯೊಳಗಲ್ಲ, ಅವಳ ಮೇಜಿನ ಮೇಲೆ.

ಎರಡು ದಿನ ಅದು ಬಾಯೊಳಗಿನ ಬಿಸಿತುಪ್ಪವಾಯಿತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ತನ್ನನ್ನು ನಂಬುವ ಒಂದೇ ಒಂದು ಜಾಗವೂ ಹೋಗುತ್ತದೆ. ಆದರೆ ಈ ಸುಳ್ಳನ್ನು ನಂಬಿ ನಾಳೆ ಯಾರೋ ರೋಗಿಗೆ ಬೇಡದ ಔಷಧ ಕೊಟ್ಟರೆ? ಶುಕ್ರವಾರ ಮೇಡಂ ಎದುರು ನಿಂತು ಎಲ್ಲ ಹೇಳಿಬಿಟ್ಟಳು.

ಮೇಡಂ ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿ ತೆರೆದರು. ಹನ್ನೆರಡು ಸಾಲು ತೆಗೆದುಹಾಕಿದರು. ಉಳಿದದ್ದರಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ.

"ನೀವು ಹೀಗೆ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ. ಅಂಥಾ ಯಾವ ಫೋನು ಅದು?"

"ನನ್ನ ತಂಗೀದು, ಮೇಡಂ."

"ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ?"

"ಇಲ್ಲ. ಊಟ ಆಯ್ತಾ ಅಂತ ಕೇಳಿದ್ಲು." ಐಸಕ್ಕ ನೆಲ ನೋಡಿದಳು. "ಅವಳು ಅದನ್ನ ಕೇಳಿ ಒಂಬತ್ತು ವರ್ಷ ಆಗಿತ್ತು. ಟ್ಯೂಬಿದೆ, ಇಡ್ತೀನಿ ಅಂತ ಇನ್ನೊಂದ್ ಸಲ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ."